ಬಿಷಪ್ಪರ ಮನೆಯ ಬೆಳ್ಳಿ

ವಾರ್ಷಿಕೋತ್ಸವದಲ್ಲಿ ಒಂದು ಇಂಗ್ಲಿಷ್ ನಾಟಕ ಇರಲೇಬೇಕೆಂದು ನಮ್ಮ ಹೆಡ್‌ಮಾಸ್ಟರು ಹಟ ಹಿಡಿದ ವರ್ಷ, ಇಂಗ್ಲಿಷ್ ಮೇಷ್ಟ್ರು ದೀರ್ಘ ರಜೆಯಲ್ಲಿದ್ದರು. ಸಮಾಜ ಪಾಠ ಹೇಳುವ ನನ್ನ ಕೊರಳಿಗೆ ಅದು ಬಿತ್ತು. ಹಳೆಯ ಪಠ್ಯಪುಸ್ತಕವೊಂದರಲ್ಲಿ ನಾರ್ಮನ್ ಮೆಕಿನೆಲ್ ಬರೆದ ‘ದಿ ಬಿಷಪ್ಸ್ ಕ್ಯಾಂಡಲ್‌ಸ್ಟಿಕ್ಸ್’ ಸಿಕ್ಕಿತು. ನಮ್ಮ ದೇಶದ ಎಷ್ಟೋ ಶಾಲೆಗಳಲ್ಲಿ ಎಷ್ಟೋ ವರ್ಷ ಮಕ್ಕಳು ಓದಿದ ಏಕಾಂಕ ಅದು, ನೀವೂ ಓದಿರಬಹುದು. ಪಾತ್ರಗಳು ಐದಾರು, ಒಂದು ಮೇಜು, ಎರಡು ಮೇಣದಬತ್ತಿಯ ಕಂಬ. ನಮ್ಮ ಮನೆಯ ಹಿತ್ತಾಳೆ ದೀಪದ ಕಂಬಗಳಿಗೇ ಬೆಳ್ಳಿ ಕಾಗದ ಸುತ್ತಿ ಕೆಲಸ ಮುಗಿಸಿದೆವು.

ಕಥೆ ಸರಳ. ಸಾಧುಸ್ವಭಾವದ ಬಿಷಪ್, ಅವರ ತಂಗಿ ಪೆರ್ಸೋಮೆ, ಕೆಲಸದ ಹುಡುಗಿ ಮಾರಿ. ನಡುರಾತ್ರಿ ಸೆರೆಮನೆಯಿಂದ ತಪ್ಪಿಸಿಕೊಂಡ ಕೈದಿಯೊಬ್ಬ ನುಗ್ಗುತ್ತಾನೆ. ಬಿಷಪ್ ಊಟ ಹಾಕಿ ಮಲಗಲು ಜಾಗ ಕೊಡುತ್ತಾರೆ. ಅವನು ಬೆಳ್ಳಿಯ ಕಂಬಗಳನ್ನು ಕದ್ದು ಓಡುತ್ತಾನೆ. ಪೊಲೀಸರು ಹಿಡಿದು ತಂದಾಗ ಬಿಷಪ್, ಅವನು ತನ್ನ ಸ್ನೇಹಿತ, ಕಂಬಗಳನ್ನು ತಾನೇ ಕೊಟ್ಟದ್ದು ಎಂದುಬಿಡುತ್ತಾರೆ. ಕಳ್ಳ ಕರಗಿ ಹೋಗುತ್ತಾನೆ. ಪರದೆ.

ತಾಲೀಮಿನ ಮೂರನೆಯ ದಿನ ಪೆರ್ಸೋಮೆಯ ಪಾತ್ರದ ಹುಡುಗಿ ಮಾತು ನಿಲ್ಲಿಸಿ ಕೇಳಿದಳು: “ಟೀಚರ್, ಇವಳು ಬೈಯೋದರಲ್ಲಿ ತಪ್ಪೇನಿದೆ? ಮನೆಯಲ್ಲಿದ್ದ ಬೆಳ್ಳಿ ಉಪ್ಪಿನ ಬಟ್ಟಲನ್ನ ಇವಳಿಗೆ ಹೇಳದೇ ಮಾರಿಬಿಟ್ಟಿದಾರಲ್ಲ!”

ನಿಜ, ನಾಟಕದ ಆರಂಭದಲ್ಲಿ ಅಂಥದೊಂದು ಪ್ರಸಂಗವಿದೆ. ಬಾಡಿಗೆ ಕಟ್ಟಲಾರದ ಮುದುಕಿಯೊಬ್ಬಳಿಗಾಗಿ ಬಿಷಪ್ ಉಪ್ಪಿನ ಬಟ್ಟಲುಗಳನ್ನು ಮಾರಿಸಿರುತ್ತಾರೆ. ಪೆರ್ಸೋಮೆಗೆ ಅದು ತಿಳಿದು ಕೂಗಾಡುತ್ತಾಳೆ. ನೋಡುವವರು ನಗುತ್ತಾರೆ. ನಾನು ಆ ಹುಡುಗಿಗೆ, “ಅವಳು ಜಿಪುಣಿ, ಅವಳ ಪಕ್ಕದಲ್ಲಿಟ್ಟರೆ ಬಿಷಪ್ಪರ ದೊಡ್ಡತನ ಕಾಣುತ್ತದೆ, ಅದಕ್ಕೇ ಹಾಗೆ ಬರೆದಿದ್ದಾರೆ” ಎಂದು ಉತ್ತರ ಕೊಟ್ಟೆ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಸಿಗುವ ಉತ್ತರ. ಹುಡುಗಿ ತಲೆಯಾಡಿಸಿದಳು, ಒಪ್ಪಲಿಲ್ಲ ಎಂದು ಮುಖ ಹೇಳುತ್ತಿತ್ತು. ನಾಟಕಕ್ಕೆ ಬಹುಮಾನವೂ ಬಂತು. ಆದರೆ ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂದು ಉಳಿಯಿತು. ಯಾಕೆ ಉಳಿಯಿತೆಂದು ಮುಂದೆ ಹೇಳುತ್ತೇನೆ.

ಆ ನಾಟಕಕ್ಕೆ ಮೂಲ ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’ ಎಂಬ ಮಹಾಕಾದಂಬರಿಯ ಮೊದಲ ಭಾಗ. ಇಂಗ್ಲಿಷ್ ಅನುವಾದವೊಂದನ್ನು ಎರಡು ಬೇಸಿಗೆ ರಜೆಗಳಲ್ಲಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಹಪ್ಪಳ ಒಣಗಿಸುತ್ತ ಕಾವಲು ಕೂತಾಗಲೂ ಅದೇ. (ಒಮ್ಮೆ ಕಾಗೆ ಅರ್ಧ ಹಪ್ಪಳ ಒಯ್ದದ್ದು ಬಿಷಪ್ಪರ ಮನೆಯಲ್ಲಿ ಕಳ್ಳತನವಾದ ಪುಟದಲ್ಲೇ.) ಫ್ರೆಂಚ್ ಹೆಸರುಗಳನ್ನು ನನಗೆ ತೋಚಿದಂತೆ ಬರೆಯುತ್ತಿದ್ದೇನೆ, ಬಲ್ಲವರು ತಿದ್ದಿಕೊಳ್ಳಲಿ.

ಕಾದಂಬರಿಯನ್ನು ಓದಿದ ಮೇಲೆ ನಾಟಕದ ಮೇಲೆ ನನಗೆ ಸಿಟ್ಟೇ ಬಂತು. ಕ್ರೈಸ್ತರು ‘ಕೃಪೆ’ ಎಂದು ಯಾವುದನ್ನು ಕರೆಯುತ್ತಾರೋ, ಅದಕ್ಕೆ ಸಂಬಂಧಿಸಿದ ಮೂರು ಮುಖ್ಯ ಸಂಗತಿಗಳನ್ನು ನಾಟಕಕಾರ ಬದಲಾಯಿಸಿಬಿಟ್ಟಿದ್ದಾನೆ.

ಕಾದಂಬರಿಯಲ್ಲಿ ಕಳ್ಳ ಜಾನ್ ವಾಲ್‌ಜಾನ್. ನಾಟಕದವನಂತೆ ಕಾಯಿಲೆಯ ಹೆಂಡತಿಗಾಗಿ ಕದ್ದವನಲ್ಲ, ಅವನಿಗೆ ಹೆಂಡತಿಯೇ ಇಲ್ಲ. ವಿಧವೆ ಅಕ್ಕ, ಅವಳ ಏಳು ಮಕ್ಕಳು. 1795ರ ಚಳಿಗಾಲದಲ್ಲಿ ಅವರಿಗಾಗಿ ಒಂದು ರೊಟ್ಟಿ ಕದ್ದ. ಐದು ವರ್ಷ ಶಿಕ್ಷೆ; ಮತ್ತೆ ಮತ್ತೆ ತಪ್ಪಿಸಿಕೊಳ್ಳಲು ಹೋಗಿ ಹತ್ತೊಂಬತ್ತಾಯಿತು. ತಪ್ಪಿಸಿಕೊಂಡಲ್ಲ, ಬಿಡುಗಡೆಯಾಗಿಯೇ ಬರುತ್ತಾನೆ, 1815ರ ಅಕ್ಟೋಬರಿನಲ್ಲಿ. ಯಾವ ಹೋಟೆಲಿನವರೂ ಅನ್ನ ಕೊಡುವುದಿಲ್ಲ, ನಾಯಿಗೂಡಿನಿಂದಲೂ ನಾಯಿ ಓಡಿಸುತ್ತದೆ. ಬಿಷಪ್ ಮಿರಿಯೆಲ್ ಮಾತ್ರ ‘ಬನ್ನಿ’ ಎನ್ನುತ್ತಾರೆ. ಅವರಿಗೆ ನಿಜಜೀವನದಲ್ಲಿ ಮಾದರಿಯಾದವರು ಅದೇ ದಿನ್ಯ ಎಂಬ ಊರಿನ ಬಿಷಪ್ಪರಾಗಿದ್ದ ಮಿಯೊಲ್ಲಿ.

ವಾಲ್‌ಜಾನ್ ಕದಿಯುವುದು ಮೇಣದಬತ್ತಿಯ ಕಂಬಗಳನ್ನಲ್ಲ! ಊಟದ ಬೆಳ್ಳಿ ಸಾಮಾನನ್ನು. ಪೊಲೀಸರು ಹಿಡಿದು ತಂದಾಗ ಬಿಷಪ್, ಕಂಬಗಳನ್ನೂ ನಿಮಗೇ ಕೊಟ್ಟಿದ್ದೆನಲ್ಲ, ಯಾಕೆ ಬಿಟ್ಟುಹೋದಿರಿ ಎಂದು ಕೇಳಿ ಅವನ್ನೂ ಒಳಗಿನಿಂದ ತಂದುಕೊಡುತ್ತಾರೆ. ಕದ್ದದ್ದನ್ನು ಬಿಟ್ಟುಕೊಡುವುದು ಕ್ಷಮೆ. ಅದರ ಮೇಲೆ ಕದಿಯದೆ ಬಿಟ್ಟದ್ದನ್ನೂ ತಂದು ಕೈಗಿಡುವುದಕ್ಕೆ ಬೇರೆ ಹೆಸರು ಬೇಕು. ನಾಟಕಕಾರ ಎರಡನ್ನೂ ಸೇರಿಸಿ ಒಂದು ಮಾಡಿದ, ಅಲ್ಲಿಗೆ ಆ ಹೆಚ್ಚುವರಿ ಹೋಯಿತು.

ಮಂಗಳೂರಿನ ಕಡೆಯಿಂದ ನಮ್ಮ ಶಾಲೆಗೆ ಬಂದಿದ್ದ ಗಣಿತದ ಟೀಚರ್ ಒಬ್ಬರು ಕ್ಯಾಥೊಲಿಕ್ಕರು. ಮಧ್ಯಾಹ್ನದ ಡಬ್ಬಿ ಬಿಚ್ಚುವಾಗ ನಾನು ಈ ಹೆಚ್ಚುವರಿಯ ಮಾತು ತೆಗೆದೆ. ನಮ್ಮ ಹಿರಿಯರ ಕಾಗದಗಳೆಲ್ಲ ‘ದೇವರ ಕೃಪೆಯಿಂದ ನಾವೆಲ್ಲ ಕ್ಷೇಮ’ ಎಂದೇ ಶುರುವಾಗುತ್ತಿದ್ದವು, ಅದೇ ಕೃಪೆಯೇ ಎಂದೆ. ಅವರು ನಕ್ಕರು. “ಸಂಬಳ ಬೇರೆ, ಕೊಡುಗೆ ಬೇರೆ ಅಲ್ವಾ ಮೇಡಂ? ಸಂಬಳ ದುಡಿದದ್ದಕ್ಕೆ ಬರ್ತದೆ. ಕೃಪೆ ದುಡಿಯದೇ ಬರ್ತದೆ. ಯೋಗ್ಯತೆ ನೋಡಿ ಕೊಟ್ಟರೆ ಅದು ಕೃಪೆ ಅಲ್ಲ, ಇನ್‌ಕ್ರಿಮೆಂಟು.” ಸಂತ ಪೌಲನ ಪತ್ರಗಳಲ್ಲಿ ಈ ಸಂಬಳ-ಕೊಡುಗೆಯ ಹೋಲಿಕೆಯೇ ಇದೆಯಂತೆ. ಲೆಕ್ಕದ ಟೀಚರಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನಾಟಕದ ಕಳ್ಳ ಅಲ್ಲೇ, ಆಗಲೇ ಒಳ್ಳೆಯವನಾಗುತ್ತಾನೆ. ಕಾದಂಬರಿಯ ವಾಲ್‌ಜಾನ್ ಬೆಳ್ಳಿಯ ಚೀಲ ಹೊತ್ತು ಊರ ಹೊರಗೆ ಹೋಗಿ, ಸಂಜೆಗೆ ಮತ್ತೆ ಕದಿಯುತ್ತಾನೆ! ಅದೂ ಯಾರಿಂದ? ಹಾಡಿಕೊಂಡು ಹೋಗುತ್ತಿದ್ದ, ಹತ್ತು ವರ್ಷದ, ಚಿಮಣಿ ಗುಡಿಸುವ ಹುಡುಗನಿಂದ. ಪುಟ್ಟ ಜೆರ್ವೇ ಎಂದು ಹೆಸರು. ಅವನ ಕೈಯಿಂದ ಜಾರಿದ ನಲವತ್ತು ಸೂ ನಾಣ್ಯದ ಮೇಲೆ ಈ ದಾಂಡಿಗ ಕಾಲಿಡುತ್ತಾನೆ. ಹುಡುಗ ಅತ್ತು ಕರೆದು ಬೇಡಿ ಕೊನೆಗೆ ಹೆದರಿ ಓಡುತ್ತಾನೆ. ಆಮೇಲೆ ಕಾಲು ತೆಗೆದು ನಾಣ್ಯ ನೋಡಿದಾಗ ವಾಲ್‌ಜಾನ್ ನಡುಗುತ್ತಾನೆ. ಹುಡುಗನ ಹೆಸರು ಕೂಗುತ್ತ ಬಯಲೆಲ್ಲ ಹುಡುಕುತ್ತಾನೆ, ಸಿಗುವುದಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಅಳುವುದು ಆಗ. ಮುಂದೆ ಶ್ರೀಮಂತನಾಗಿ, ಊರೊಂದರ ಮೇಯರ್ ಆದ ಮೇಲೂ, ಚಿಮಣಿ ಗುಡಿಸುವ ಹುಡುಗರು ಯಾರೇ ಬಂದರೂ ಕರೆಸಿ ಹೆಸರು ಕೇಳಿ ಹಣ ಕೊಡುತ್ತಾನೆ. ಆ ನಾಣ್ಯ ಮಾತ್ರ ಹಿಂದಿರುಗಲಿಲ್ಲ.

ಈ ಭಾಗ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಮ್ಮೆ ನನ್ನ ತರಗತಿಯಲ್ಲಿ ಪ್ರವಾಸಕ್ಕೆ ಕೂಡಿಸಿದ್ದ ಹಣದಲ್ಲಿ ನೂರೈವತ್ತು ರೂಪಾಯಿ ಹೋಯಿತು. ತೆಗೆದ ಹುಡುಗಿ ಸಿಕ್ಕಿಬಿದ್ದಳು. ನಾನು ಬೈಯಲಿಲ್ಲ, ಹೊಡೆಯಲಿಲ್ಲ. ಬೆಳಗಿನ ಪ್ರಾರ್ಥನೆಯ ನಂತರ ಎಲ್ಲ ಮಕ್ಕಳೆದುರು ನಿಲ್ಲಿಸಿ ಹೆಗಲ ಮೇಲೆ ಕೈಯಿಟ್ಟು, ನಾನು ಇವಳನ್ನು ಕ್ಷಮಿಸಿದ್ದೇನೆ, ಯಾರೂ ಇವಳನ್ನು ಆಡಿಕೊಳ್ಳಬಾರದು ಎಂದೆ. ಸಹೋದ್ಯೋಗಿಗಳು ಮೆಚ್ಚಿದರು, ನನ್ನ ಕಣ್ಣೂ ತುಂಬಿ ಬಂದಿತ್ತು. ಆ ಹುಡುಗಿ ಮಾರನೆಯ ವಾರದಿಂದ ಶಾಲೆಗೆ ಬರಲಿಲ್ಲ. ಅವಳಿಗೆ ಕೃತಜ್ಞತೆ ಇಲ್ಲ ಎಂದು ನಾನು ಎಷ್ಟೋ ದಿನ ಹೇಳಿಕೊಂಡು ತಿರುಗಿದೆ. ಬಿಷಪ್ಪರು ಏನು ಮಾಡಿದರು? ಪೊಲೀಸರೆದುರು ಕಳ್ಳತನವೇ ಆಗಿಲ್ಲವೆಂದರು. ಇವನನ್ನು ಕ್ಷಮಿಸಿದ್ದೇನೆ ಎನ್ನಲಿಲ್ಲ! ಹಾಗೆಂದಿದ್ದರೆ ಅವನು ಕ್ಷಮೆ ಪಡೆದ ಕಳ್ಳನಾಗಿ ಉಳಿಯುತ್ತಿದ್ದ. ಸ್ನೇಹಿತ ಎಂದದ್ದರಿಂದ ಮನುಷ್ಯನಾಗಿ ಹೊರಗೆ ಹೋದ. ನೂರೈವತ್ತು ರೂಪಾಯಿಗೆ ನಾನು ಇಡೀ ಶಾಲೆಯ ಮೆಚ್ಚುಗೆ ಕೊಂಡುಕೊಂಡಿದ್ದೆ.

ಹಾಗೆಂದು ಬಿಷಪ್ಪರೂ ಪೂರ್ತಿ ನಿಷ್ಕಳಂಕರಲ್ಲ. ಪೊಲೀಸರು ಹೋದ ಮೇಲೆ ವಾಲ್‌ಜಾನನಿಗೆ, ಈ ಹಣದಿಂದ ಒಳ್ಳೆಯವನಾಗುತ್ತೇನೆಂದು ನೀವು ಮಾತು ಕೊಟ್ಟಿದ್ದೀರಿ, ಮರೆಯಬೇಡಿ ಎನ್ನುತ್ತಾರೆ. ಅವನು ಅಂಥ ಮಾತೇ ಕೊಟ್ಟಿರುವುದಿಲ್ಲ. ನಿಮ್ಮ ಆತ್ಮವನ್ನು ನಾನು ಕೊಂಡುಕೊಂಡು ದೇವರಿಗೆ ಒಪ್ಪಿಸುತ್ತಿದ್ದೇನೆ ಎಂಬರ್ಥದ ಮಾತನ್ನೂ ಆಡುತ್ತಾರೆ. ಕೊಡುಗೆ ಎಂದ ಮೇಲೆ ಕೊಳ್ಳುವುದು ಎಲ್ಲಿಂದ ಬಂತು? ನನ್ನ ಗಣಿತದ ಟೀಚರ್ ಇದಕ್ಕೆ ಏನೋ ಸಮಾಧಾನ ಹೇಳಿದರು, ನನಗೆ ಹಿಡಿಸಲಿಲ್ಲ. ಇಲ್ಲಿ ಹ್ಯೂಗೋ ಎಡವಿದ್ದಾನೆ ಎಂದೇ ನನ್ನ ಅನಿಸಿಕೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಆ ಬೆಳ್ಳಿ ಯಾರದು?

ಕಾದಂಬರಿಯ ಬಿಷಪ್ಪರ ಮನೆಯಲ್ಲೂ ಇಬ್ಬರು ಹೆಂಗಸರಿದ್ದಾರೆ. ಹತ್ತು ವರ್ಷ ಕಿರಿಯಳಾದ ಅವಿವಾಹಿತ ತಂಗಿ ಬಾಪ್ತಿಸ್ತೀನ್. ಅವಳದೇ ವಯಸ್ಸಿನ ಕೆಲಸದಾಕೆ ಮಗ್ಲ್ವಾರ್. ಬಿಷಪ್ಪರಿಗೆ ಸರ್ಕಾರದಿಂದ ವರ್ಷಕ್ಕೆ 15,000 ಫ್ರಾಂಕ್ ಬರುತ್ತಿತ್ತು. ಅದರಲ್ಲಿ 14,000 ದಾನಧರ್ಮಕ್ಕೆ ಹಂಚಿ 1,000 ಉಳಿಸಿಕೊಂಡರು. ತಂಗಿಗೆ ಸ್ವಂತದ್ದೆಂದು ವರ್ಷಕ್ಕೆ 500 ಫ್ರಾಂಕ್ ಬರುತ್ತಿತ್ತು. ಎರಡೂ ಸೇರಿ 1,500ರಲ್ಲಿ ಮೂವರ ಜೀವನ. ಗಮನಿಸಿ, ಮನೆಖರ್ಚಿನ ಮೂರರಲ್ಲೊಂದು ಪಾಲು ತಂಗಿಯದು. ಬಿಷಪ್ಪರ ಔದಾರ್ಯವನ್ನು ಹೊಗಳುವವರು ಈ 500ರ ಮಾತೆತ್ತುವುದಿಲ್ಲ. ದೊಡ್ಡ ಅರಮನೆಯನ್ನು ಇಪ್ಪತ್ತಾರು ರೋಗಿಗಳ ಆಸ್ಪತ್ರೆಗೆ ಬಿಟ್ಟುಕೊಟ್ಟು ಆಸ್ಪತ್ರೆಯ ಸಣ್ಣ ಕಟ್ಟಡಕ್ಕೆ ಬಂದರು ಬಿಷಪ್. ಆ ಸಣ್ಣ ಮನೆಯಲ್ಲಿ ಒಲೆ ಹಚ್ಚಿದವಳು ಮಗ್ಲ್ವಾರ್.

ಊಟದ ಬೆಳ್ಳಿ ಎಂದರೆ ಆರು ಜನರ ಚಮಚ-ಮುಳ್ಳುಚಮಚಗಳು, ಒಂದು ದೊಡ್ಡ ಸೌಟು. ಹಳೆಯ ಮನೆತನದಿಂದ ಉಳಿದದ್ದು ಅಷ್ಟೇ. ಕಂಬಗಳು ಅಜ್ಜಿಯ ಕಡೆಯ ಹಿರಿಯರೊಬ್ಬರಿಂದ ಬಂದವು. ಬೆಳ್ಳಿಯಲ್ಲಿ ಊಟ ಮಾಡುವುದನ್ನು ಬಿಡುವುದು ತನಗೆ ಕಷ್ಟ ಎಂದು ಬಿಷಪ್ಪರೇ ಒಪ್ಪಿಕೊಳ್ಳುತ್ತಿದ್ದರು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಆದರೆ ದಿನಾ ಅದು ಒರಟು ಬಿಳಿ ಬಟ್ಟೆಯ ಮೇಲೆ ಹೊಳೆಯುವುದನ್ನು ನೋಡಿ ಸಂತೋಷಪಡುತ್ತಿದ್ದವಳು ಮಗ್ಲ್ವಾರ್. ಅದೇ ಮನೆತನದ ಹೆಣ್ಣುಮಗಳು ಬಾಪ್ತಿಸ್ತೀನ್. ಇಬ್ಬರನ್ನೂ ಯಾರೂ ಕೇಳಲಿಲ್ಲ.

ಬಾಪ್ತಿಸ್ತೀನ್ ಗೆಳತಿಗೆ ಬರೆದ ಒಂದು ಕಾಗದ ಕಾದಂಬರಿಯ ಆರಂಭದಲ್ಲಿದೆ. ಅವಳ ಸ್ವಂತ ದನಿ ಅಲ್ಲಿ ಕೇಳುತ್ತದೆ. ಅಣ್ಣ ರಾತ್ರಿ ಬಾಗಿಲಿಗೆ ಅಗುಳಿ ಹಾಕುವುದಿಲ್ಲ, ಕಳ್ಳರಿರುವ ಕಡೆಗೆ ಒಬ್ಬನೇ ಹೋಗುತ್ತಾನೆ. ಮೊದಮೊದಲು ಗದರುತ್ತಿದ್ದೆ, ಈಗ ಸುಮ್ಮನಿರುವುದು ರೂಢಿಯಾಗಿದೆ, ಮಗ್ಲ್ವಾರಿಗೂ ಎದುರಾಡಬೇಡ ಎಂದು ಸನ್ನೆ ಮಾಡುತ್ತೇನೆ, ಪ್ರಾರ್ಥನೆ ಮಾಡಿ ಮಲಗುತ್ತೇನೆ—ಇದು ಕಾಗದದ ಸಾರಾಂಶ. ಹ್ಯೂಗೋ ಇದನ್ನು ಹೆಣ್ಣಿನ ಸಂತತ್ವ ಎಂದು ಮೆಚ್ಚಿ ತೋರಿಸುತ್ತಾನೆ. ನಾನು ಅದನ್ನು ಎರಡು ಸಲ ಓದಿದೆ. ಸುಮ್ಮನಿರುವುದನ್ನು ಕಲಿತವರ ಕಾಗದ ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ಲವೆ?

ಕಳ್ಳತನವಾದ ಬೆಳಗ್ಗೆ ಮಗ್ಲ್ವಾರ್ ಓಡಿಬಂದು ಕೂಗಿಕೊಳ್ಳುತ್ತಾಳೆ. ಬಿಷಪ್, ಆ ಬೆಳ್ಳಿ ನಮ್ಮದೇ ಆಗಿತ್ತೆ, ಅದು ಬಡವರದ್ದು, ಬಂದವನೂ ಬಡವನೇ ಎನ್ನುತ್ತಾರೆ. ಆಗ ಅವಳು, ನನಗಾಗಿ ಅಥವಾ ಅಮ್ಮನವರಿಗಾಗಿ ಹೇಳುತ್ತಿಲ್ಲ, ನಮಗೆ ಹೇಗಾದರೂ ನಡೆದೀತು, ತಾವು ಇನ್ನು ಯಾವುದರಲ್ಲಿ ಊಟ ಮಾಡುತ್ತೀರಿ ಎನ್ನುತ್ತಾಳೆ. ನಾಟಕದ ಪೆರ್ಸೋಮೆ ಕೂಗಾಡುವ ಗಯ್ಯಾಳಿ, ಕಾದಂಬರಿಯ ಹೆಂಗಸರು ತಮ್ಮ ಹೆಸರಿನಲ್ಲಿ ದೂರಲೂ ಬಾರದ ಸಾಧ್ವಿಯರು. ಇಬ್ಬರು ಗಂಡು ಲೇಖಕರಿಗೂ ಮೂರನೆಯ ದಾರಿ ಹೊಳೆಯಲಿಲ್ಲ: ಅವರನ್ನೂ ಕೂರಿಸಿಕೊಂಡು, ಏನು ಮಾಡೋಣ ಎಂದು ಕೇಳುವುದು.

ಆದರೂ ಒಂದು ವಿವರ ಹ್ಯೂಗೋನ ಕೈಯಿಂದ ತಪ್ಪಿಸಿಕೊಂಡು ಬಂದಿದೆ. ಆ ರಾತ್ರಿ ಅಪರಿಚಿತ ಮಲಗಲು ಹೋದಾಗ, ಚಳಿ ಜಾಸ್ತಿ ಎಂದು ಬಾಪ್ತಿಸ್ತೀನ್ ತನ್ನ ಕೋಣೆಯಲ್ಲಿದ್ದ ಜಿಂಕೆಯ ಚರ್ಮವನ್ನು ಅವನ ಹಾಸಿಗೆಗೆ ಕಳಿಸುತ್ತಾಳೆ. ಅಣ್ಣ ಹೇಳಿರಲಿಲ್ಲ. ಅವಳಿಗೆ ತಾನಾಗಿ ತೋಚಿದ್ದು, ತನ್ನದೇ ವಸ್ತು. ಇಡೀ ಪ್ರಸಂಗದಲ್ಲಿ ನನಗೆ ಕೃಪೆ ಕಾಣುವುದು ಬೆಳ್ಳಿಯ ಕಂಬಗಳಿಗಿಂತ ಆ ಚರ್ಮದ ಹೊದಿಕೆಯಲ್ಲಿ. ಯಾವ ವಾರ್ಷಿಕೋತ್ಸವದಲ್ಲೂ ಅದು ರಂಗದ ಮೇಲೆ ಬರುವುದಿಲ್ಲ.

ನನಗೆ ಇದು ಇಷ್ಟು ಚುಚ್ಚಲು ಕಾರಣ ಹೇಳುತ್ತೇನೆಂದೆ. ಮದುವೆಯಾದ ಒಂಬತ್ತನೆಯ ವರ್ಷ ಮೈದುನ ಗೊಬ್ಬರದ ಅಂಗಡಿ ಹಾಕಿದ. ಸಾಲಕ್ಕೆ ನಮ್ಮ ಮನೆಯವರು ಜಾಮೀನು. ಎರಡು ಮಳೆಗಾಲ ಕೈಕೊಟ್ಟವು, ಅವನೂ ಕೈಕೊಟ್ಟ. ಅಂಗಡಿಯ ಹಣ ಬೇರೆ ಕಡೆ ಹರಿದಿತ್ತು. ನೋಟೀಸು ಬಂದಾಗ ಅವನು ಊರಲ್ಲಿರಲಿಲ್ಲ. ನನ್ನ ತವರಿನ ನಾಲ್ಕು ಬಳೆ, ಅಮ್ಮ ತನ್ನ ಕೈಯಿಂದ ತೆಗೆದು ಹಾಕಿದ್ದವು, ಹೋದವು. ಆರು ತಿಂಗಳ ಮೇಲೆ ಮೈದುನ ಬಂದು ಅಣ್ಣನ ಕಾಲಿಗೆ ಬಿದ್ದ. ನಮ್ಮ ಮನೆಯವರು ಅವನನ್ನು ಎತ್ತಿ ತಬ್ಬಿಕೊಂಡರು. “ಹೋಗಲಿ ಬಿಡೋ, ದುಡ್ಡು ಇವತ್ತು ಬರತ್ತೆ, ನಾಳೆ ಹೋಗತ್ತೆ” ಎಂದರು. ನೆಂಟರೆಲ್ಲ, ರಾಮನಂಥ ಅಣ್ಣ ಎಂದು ಹೊಗಳಿದರು. ಅವರದು ನಿಜವಾಗಿಯೂ ದೊಡ್ಡ ಮನಸ್ಸು, ಅದರಲ್ಲಿ ನನಗೆ ಸಂದೇಹವಿಲ್ಲ. ನಾನು ಅಡಿಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಕ್ಷಮಿಸಿದ್ದು ಅವರು. ಬಳೆ ನನ್ನದು.

ಗಣಿತದ ಟೀಚರಿಗೆ ಇದನ್ನು ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, “ಶಿಲುಬೆ ಮೇಲೆ ಏಸುಸ್ವಾಮಿ ಕೊಟ್ಟದ್ದು ತನ್ನ ರಕ್ತ ಮೇಡಂ, ಪಕ್ಕದ ಮನೆಯವರದ್ದಲ್ಲ” ಎಂದರು. ಅವರ ಧರ್ಮದ ಬಗ್ಗೆ ನಾನು ಕೇಳಿದ ಎಲ್ಲ ಉಪನ್ಯಾಸಗಳಿಗಿಂತ ಈ ಒಂದು ಮಾತಿನಿಂದ ನನಗೆ ಹೆಚ್ಚು ತಿಳಿಯಿತು.

ಇದೇ ಅಳತೆಯಲ್ಲಿ ಕಾದಂಬರಿಯ ಮುಂದಿನ ಭಾಗವನ್ನು ನೋಡಬೇಕು. ವಾಲ್‌ಜಾನ್ ಹೆಸರು ಬದಲಿಸಿಕೊಂಡು ಮಾದ್ಲೇನ್ ಎಂಬ ಕಾರ್ಖಾನೆಯ ಯಜಮಾನನಾಗುತ್ತಾನೆ, ಕೃಪೆಯಿಂದಲೇ ಬದುಕಿದವನು. ಆದರೆ ಅವನ ಕಾರ್ಖಾನೆಯ ನಿಯಮವೇನು ಗೊತ್ತೆ? ಗಂಡಸರಲ್ಲಿ ಒಳ್ಳೆಯ ಮನಸ್ಸಿರಬೇಕು, ಹೆಂಗಸರಲ್ಲಿ ಶುದ್ಧ ನಡತೆಯಿರಬೇಕು, ಪ್ರಾಮಾಣಿಕತೆ ಎಲ್ಲರಲ್ಲೂ. ಅಲ್ಲಿ ಫಾಂತೀನ್ ಎಂಬ ಹುಡುಗಿ ಕೆಲಸಕ್ಕಿದ್ದಾಳೆ. ಪ್ರೀತಿಸಿದವನು ಬಿಟ್ಟುಹೋದ ಮೇಲೆ ಮಗು ಕೊಸೆಟ್ಟಳನ್ನು ತೆನಾರ್ದಿಯೇ ಎಂಬ ಹೋಟೆಲಿನ ದಂಪತಿಗಳ ಬಳಿ ಬಿಟ್ಟು, ಗುಟ್ಟಾಗಿ ಹಣ ಕಳಿಸುತ್ತಾಳೆ. ಊರಿನ ಮದಾಮ್ ವಿಕ್ತುರ್ನಿಯೆನ್ ಎಂಬ ಹೆಂಗಸು, ವಯಸ್ಸು 56, ಹೆಚ್ಚೂಕಡಿಮೆ ನನ್ನ ಓರಗೆಯವಳು, ತನ್ನ ಕೈಯಿಂದ 35 ಫ್ರಾಂಕ್ ಖರ್ಚು ಮಾಡಿಕೊಂಡು ಆ ಊರಿಗೆ ಹೋಗಿ, ಮಗುವನ್ನು ಕಣ್ಣಾರೆ ನೋಡಿ, ಗುಟ್ಟು ಹೊತ್ತು ಬರುತ್ತಾಳೆ. ನಮ್ಮ ಬೀದಿಯಲ್ಲಾದರೆ ಬಸ್ ಚಾರ್ಜೂ ಬೇಡ. ಫಾಂತೀನಳ ಕೆಲಸ ಹೋಗುತ್ತದೆ. ಮೇಲ್ವಿಚಾರಣೆಯ ಹೆಂಗಸು, ಮೇಯರ್ ಸಾಹೇಬರ ಪರವಾಗಿ ಎಂದು 50 ಫ್ರಾಂಕ್ ಕೈಯಲ್ಲಿಟ್ಟು ಹೊರಗೆ ಕಳಿಸುತ್ತಾಳೆ. ಮೇಯರಿಗೆ ಈ ಸಂಗತಿಯೇ ಗೊತ್ತಿಲ್ಲ. ಒಳ್ಳೆಯ ಯಜಮಾನ, ಹೆಂಗಸರ ಕೋಣೆಗೆ ಕಾಲೇ ಇಡುತ್ತಿರಲಿಲ್ಲ!

ಆಮೇಲೆ ಫಾಂತೀನ್ ಕೂದಲು ಮಾರುತ್ತಾಳೆ, ಹತ್ತು ಫ್ರಾಂಕಿಗೆ. ಮುಂದಿನ ಎರಡು ಹಲ್ಲು ಕೀಳಿಸಿ ಮಾರುತ್ತಾಳೆ, ನಲವತ್ತು ಫ್ರಾಂಕಿಗೆ. ಕೊನೆಗೆ ತನ್ನನ್ನೇ. ಬೀದಿಯಲ್ಲಿ ಅವಳನ್ನು ಹಿಡಿದ ಪೊಲೀಸ್ ಅಧಿಕಾರಿ ಜಾವೇರ್ ಆರು ತಿಂಗಳು ಸೆರೆ ಎನ್ನುವಾಗ ಮೇಯರ್ ಬಂದು ಬಿಡಿಸುತ್ತಾನೆ. ಅವಳು ಏನು ಮಾಡುತ್ತಾಳೆ? ಅವನ ಮುಖಕ್ಕೆ ಉಗುಳುತ್ತಾಳೆ. ನನ್ನ ಮಟ್ಟಿಗೆ ಕಾದಂಬರಿಯ ಶಿಖರ ಇದೇ, ಕಂಬಗಳ ದೃಶ್ಯವಲ್ಲ. ಅವನು ಮುಖ ಒರೆಸಿಕೊಂಡು ಅವಳನ್ನು ಬಿಡಿ ಎನ್ನುತ್ತಾನೆ; ತನಗೆ ತಿಳಿದಿರಲಿಲ್ಲವೆಂದು ಹೇಳಿ ಅವಳ ಸಾಲ ತೀರಿಸುವ, ಮಗುವನ್ನು ಕರೆಸುವ ಭಾರ ಹೊರುತ್ತಾನೆ. ಫಾಂತೀನಳನ್ನು ಯಾರೂ ಕ್ಷಮಿಸಬೇಕಾಗಿಲ್ಲ, ಅವಳ ಕ್ಷಮೆಯನ್ನು ಊರೇ ಕೇಳಬೇಕಿತ್ತು. ಮೊದಲ ಸಲ ಇಲ್ಲಿ ದೊಡ್ಡವನು ತಪ್ಪಿತಸ್ಥನ ಜಾಗದಲ್ಲಿ ನಿಲ್ಲುತ್ತಾನೆ. ಮಗು ಕಣ್ಣಿಗೆ ಬೀಳುವ ಮೊದಲೇ ಅವಳು ಸತ್ತುಹೋಗುತ್ತಾಳೆ. ಅವನು ಮಗುವನ್ನು ಆಮೇಲೆ ಹುಡುಕಿ ತಂದು ಅವಳ ಮದುವೆಯವರೆಗೂ ಸಾಕುತ್ತಾನೆ. ಅದು ಮಾತಲ್ಲ, ವರ್ಷಗಟ್ಟಲೆ ತೆತ್ತದ್ದು.

ಜಾವೇರ್‌ನ ಬಗ್ಗೆ ಒಂದು ಮಾತು. ಹುಟ್ಟಿದ್ದೇ ಸೆರೆಮನೆಯಲ್ಲಿ, ಕಾನೂನನ್ನು ಬಿಟ್ಟರೆ ಬೇರೆ ದೇವರಿಲ್ಲ. 1832ರ ಪ್ಯಾರಿಸ್ ದಂಗೆಯಲ್ಲಿ ಅವನ ಜೀವ ವಾಲ್‌ಜಾನನ ಕೈಗೆ ಸಿಕ್ಕಾಗ ವಾಲ್‌ಜಾನ್ ಬಿಟ್ಟುಬಿಡುತ್ತಾನೆ. ಆ ಋಣವನ್ನು ಯಾವ ಖಾತೆಗೆ ಬರೆಯುವುದೆಂದು ತಿಳಿಯದೆ ಜಾವೇರ್ ಸೇನ್ ನದಿಗೆ ಹಾರುತ್ತಾನೆ. ಎಲ್ಲರೂ ಅವನನ್ನು ದುಷ್ಟ ಎನ್ನುತ್ತಾರೆ. ಕೆಂಪು ಶಾಯಿ, ಹಾಜರಿ ಪುಸ್ತಕಗಳ ನಡುವೆ ಮೂವತ್ತು ವರ್ಷ ಕಳೆದ ನನಗೆ ಅಷ್ಟು ಸುಲಭವಾಗಿ ಹಾಗೆನ್ನಲು ಬಾಯಿ ಬರುವುದಿಲ್ಲ. ಅದೇ ಜಾವೇರ್ ಹುಡುಕಿ ಬಂದಾಗ, ಜನ್ಮದಲ್ಲಿ ಸುಳ್ಳು ಹೇಳದ ಸಂನ್ಯಾಸಿನಿ ಸಿಂಪ್ಲೀಸ್ ವಾಲ್‌ಜಾನನನ್ನು ಉಳಿಸಲು ಒಂದರ ಹಿಂದೊಂದು ಎರಡು ಸುಳ್ಳು ಹೇಳುತ್ತಾಳೆ. ತನ್ನ ಬಳಿಯಿದ್ದ ಒಂದೇ ಆಸ್ತಿ ಅವಳ ಸತ್ಯ, ಅದನ್ನೇ ಕೊಟ್ಟಳು.

ಕ್ಷಮೆಯ ಮೇಲೆ ಇನ್ನೊಂದು ಹೆಜ್ಜೆಯಿದೆ, ಮತ್ತೆ ಒಂದಾಗುವುದು. ಇದರ ಬಗ್ಗೆ ಪುರಾಣಿಕರು ಯಾವ ಧರ್ಮದವರೇ ಆಗಲಿ, ನೊಂದವರಿಗೇ ಉಪದೇಶ ಮಾಡುವುದು ಹೆಚ್ಚು: ಮರೆತುಬಿಡಮ್ಮ, ಹೊಂದಿಕೊಂಡು ಹೋಗಮ್ಮ. ಅದರಲ್ಲೂ ಹೆಂಗಸರಿಗೆ. ಆದರೆ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವನ್ನು ಓದಿ ನೋಡಿ. ಕಾಣಿಕೆ ಅರ್ಪಿಸಲು ಹೊರಟವನಿಗೆ, ತನ್ನ ಮೇಲೆ ಸಹೋದರನಿಗೆ ಏನೋ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಡನೆ ಒಂದಾಗು ಎಂದು ಏಸು ಹೇಳುತ್ತಾನೆ. ನೋಯಿಸಿದವನು ಎದ್ದು ಹೋಗಬೇಕು ಎಂದಾಯಿತು! ಜಕ್ಕಾಯನೆಂಬ ಸುಂಕದವನ ಕಥೆ ಲೂಕನಲ್ಲಿದೆ. ಅವನು ಏನೂ ಮಾಡುವ ಮೊದಲೇ ಏಸು ಅವನ ಮನೆಗೆ ಬರುತ್ತೇನೆಂದ, ಅದು ಕೃಪೆ. ಆಮೇಲೆ, ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಅವನಾಗಿಯೇ ಹೇಳಿದ. ಮೊದಲು ಲೆಕ್ಕ ಕೇಳಲಿಲ್ಲ ನಿಜ, ಆದರೆ ಲೆಕ್ಕ ಬಂತು.

ಅದೇ ಲೂಕನಲ್ಲಿ ದುಂದುಗಾರ ಮಗನ ಕಥೆಯೂ ಇದೆ, ಎಲ್ಲರಿಗೂ ಗೊತ್ತಿರುವುದು. ಆಸ್ತಿ ಹಾಳು ಮಾಡಿ ಬಂದ ಕಿರಿಯನನ್ನು ಅಪ್ಪ ಓಡಿಹೋಗಿ ತಬ್ಬಿಕೊಂಡು ಹಬ್ಬ ಮಾಡಿಸುತ್ತಾನೆ. ಹೊಲದಿಂದ ಬಂದ ದೊಡ್ಡ ಮಗ ಒಳಗೆ ಬರುವುದಿಲ್ಲವೆಂದು ಸಿಟ್ಟಾಗಿ ನಿಲ್ಲುತ್ತಾನೆ. ಅವನನ್ನು ಹೊಟ್ಟೆಕಿಚ್ಚಿನವನೆಂದು ಬೈಯುವುದೇ ವಾಡಿಕೆ. ನನಗೆ ಹಿಡಿಸಿದ್ದು, ಅಪ್ಪ ಅವನ ಬಳಿಗೂ ಎದ್ದು ಹೊರಗೆ ಬರುತ್ತಾನೆ ಎಂಬುದು. ಸಿಟ್ಟಾದವನನ್ನು ಗದರಿಸುವುದಿಲ್ಲ, ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಕಥೆ ಹೇಳುವುದಿಲ್ಲ. ಆ ಮನೆಯ ತಾಯಿ ಎಲ್ಲಿದ್ದಳೆಂದೂ ಹೇಳುವುದಿಲ್ಲ. ಹಬ್ಬದ ಅಡಿಗೆಯಲ್ಲಿ ಇದ್ದಿರಬೇಕು.

ವಾಲ್‌ಜಾನ್ ಸಾಯುವಾಗ ಆ ಬೆಳ್ಳಿಯ ಕಂಬಗಳಲ್ಲಿ ಮೇಣದಬತ್ತಿ ಉರಿಯುತ್ತಿರುತ್ತದೆ. ಉಳಿದ ಬೆಳ್ಳಿಯನ್ನು ಮಾರಿ ಕಂಬಗಳನ್ನು ಮಾತ್ರ ಉಳಿಸಿಕೊಂಡಿದ್ದ. ತೆನಾರ್ದಿಯೇಗಳನ್ನು ಕ್ಷಮಿಸಬೇಕೆಂದು ಕೊಸೆಟ್ಟಳಿಗೆ ಹೇಳುತ್ತಾನೆ, ಅವಳ ತಾಯಿಯ ಹೆಸರನ್ನು ಅಂದು ತಿಳಿಸುತ್ತಾನೆ. ಓದುವಾಗ ನನಗೂ ಗಂಟಲು ಕಟ್ಟಿತು, ಸುಳ್ಳು ಹೇಳಲಾರೆ. ಪುಸ್ತಕ ಮುಚ್ಚಿದ ಮೇಲೆ ಮಾತ್ರ ಹಿಂದಿನ ಪುಟಗಳಿಗೆ ಹೋಗಿ ಬೇರೆ ಇಬ್ಬರನ್ನು ಹುಡುಕಿದೆ. ಮೊದಲನೆಯವಳು ವಾಲ್‌ಜಾನನ ಅಕ್ಕ. ಅವನು ಜೈಲಿನಲ್ಲಿದ್ದಾಗ ಒಮ್ಮೆ ಮಾತ್ರ ಸುದ್ದಿ ಬರುತ್ತದೆ: ಪ್ಯಾರಿಸಿನ ಮುದ್ರಣಾಲಯದಲ್ಲಿ ಕಾಗದ ಮಡಚುವ, ಹೊಲಿಯುವ ಕೆಲಸ, ಏಳರಲ್ಲಿ ಕಿರಿಯ ಮಗು ಮಾತ್ರ ಜೊತೆಗಿದೆ. ಅವಳು ಆರು ಗಂಟೆಗೆ ಕೆಲಸಕ್ಕೆ ಸೇರಬೇಕು, ಶಾಲೆ ತೆಗೆಯುವುದು ಏಳಕ್ಕೆ. ಚಳಿಗಾಲದ ಕತ್ತಲಲ್ಲಿ ಮಗು ಅಂಗಳದಲ್ಲಿ ಒಂದು ಗಂಟೆ ಕಾಯುತ್ತದೆ. ಅವರು ಮುಂದೆ ಈ ಕಥೆಯಲ್ಲಿ ಸಿಗುವುದಿಲ್ಲ ಎಂದು ಲೇಖಕನೇ ಹೇಳಿಬಿಡುತ್ತಾನೆ. ಗಂಟೆ ಹೊಡೆಯುವ ಎಷ್ಟೋ ಹೊತ್ತಿನ ಮೊದಲೇ ಬಂದು ಶಾಲೆಯ ಮೆಟ್ಟಿಲ ಮೇಲೆ ಕೂತಿರುವ ಮಕ್ಕಳನ್ನು ನಾನು ಬಲ್ಲೆ. ಎರಡನೆಯವಳು ಬಾಪ್ತಿಸ್ತೀನ್. ಬಿಷಪ್ ಕೊನೆಯ ವರ್ಷಗಳಲ್ಲಿ ಕುರುಡರಾದರು, ತಂಗಿ ಪಕ್ಕದಲ್ಲಿದ್ದುದರಿಂದ ಸುಖವಾಗಿದ್ದರು ಎಂದು ಹ್ಯೂಗೋ ಒಂದು ಸುಂದರ ಪುಟ ಬರೆದಿದ್ದಾನೆ. ಅಣ್ಣ ಹೋದ ಮೇಲೆ 500 ಫ್ರಾಂಕಿನಲ್ಲಿ ಅವಳು ಹೇಗಿದ್ದಳು ಎಂಬುದಕ್ಕೆ ಒಂದು ಸಾಲೂ ಸಿಗಲಿಲ್ಲ.

ಮಗ್ಲ್ವಾರಳ ಪ್ರಶ್ನೆಗೆ ಬಿಷಪ್ಪರು ಕೊಟ್ಟ ಉತ್ತರವನ್ನು ಹೇಳುವುದು ಮರೆತೆ. ತವರದ ಚಮಚವಿಲ್ಲವೆ ಎನ್ನುತ್ತಾರೆ. ಅದು ವಾಸನೆ ಬರುತ್ತದೆ ಎನ್ನುತ್ತಾಳೆ. ಕಬ್ಬಿಣದ್ದು? ಬಾಯಿಗೆ ರುಚಿ ಹತ್ತುತ್ತದೆ. ಹಾಗಾದರೆ ಮರದ್ದು ಎಂದು ಬಿಷಪ್ ಮುಗಿಸುತ್ತಾರೆ. ಅಂದಿನಿಂದ ಮರದ ಚಮಚ. ತೊಳೆದು ಒಣಗಿಸುವುದು ಯಾರ ಪಾಲಿಗೆ ಬಂತೆಂದು ಕೇಳಬೇಕಾಗಿಲ್ಲ.

ಕಳೆದ ಯುಗಾದಿಗೆ ಮೈದುನ ಸಂಸಾರ ಸಮೇತ ಬಂದಿದ್ದ. ಈಗ ಅವನೂ ಅರೆಗೂದಲು ನರೆತವನು, ಕೈ ಸ್ವಲ್ಪ ನಡುಗುತ್ತದೆ. ನಮ್ಮ ಮನೆಯವರು ಕೈತೊಳೆಯಲು ಎದ್ದರು. ಬಡಿಸುತ್ತಿದ್ದ ನನ್ನ ಕೈಯನ್ನು ನೋಡಿ ಅವನು, “ಅತ್ತಿಗೆ, ಆ ನಾಲ್ಕು ಬಳೆ...” ಎಂದು ಶುರು ಮಾಡಿ ನಿಲ್ಲಿಸಿದ. ಇಷ್ಟು ವರ್ಷಗಳಲ್ಲಿ ನನ್ನೊಡನೆ ಅವನು ಅದರ ಮಾತೆತ್ತಿದ್ದು ಅದೇ ಮೊದಲು. ಮುಂದೆ ಹೇಳಲಿ ಎಂದು ನಾನು ಸೌಟು ಹಿಡಿದು ನಿಂತೇ ಇದ್ದೆ.